ಕರುವಿನ ಅಂಡಾಣುವಿಗೆ ಕಾದ ಬಿರುಗಾಳಿ

ನನ್ನ ಹೆಂಡತಿಯ ತಂಗಿ ಹುಟ್ಟಿದ್ದೇ ಆತುರದಲ್ಲಿ. ಡಾಕ್ಟರು ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಭೂಮಿಗೆ ಬಂದು, ಸ್ವಾಗತಕ್ಕೆ ಯಾರೂ ಸಿದ್ಧವಾಗಿಲ್ಲವೆಂದು ಅತ್ತವಳು. ನಾವು ಮಾತು ಶುರು ಮಾಡಿದರೆ ಅವಳೇ ಮುಗಿಸುತ್ತಾಳೆ. ಮನೆಮಂದಿಗೆಲ್ಲ ಅವಳು ಬಿರುಗಾಳಿ. ಆದರೆ ಹಣೆಬರಹ ಬರೆದವನು ಕಿಲಾಡಿ: ಅವಳಿಗೆ ಕಾಯುವ ಕೆಲಸವನ್ನೇ ಕೊಟ್ಟ.

ದನಗಳ ತಳಿ ಕೇಂದ್ರದಲ್ಲಿ ಅವಳದೊಂದು ಪ್ರಯೋಗಾಲಯ. ಉತ್ತಮ ತಳಿಯ ಪುಟ್ಟ ಹೆಣ್ಣುಗರುವಿಗೆ ಹಾರ್ಮೋನ್ ಕೊಟ್ಟು, ಅದರ ಅಂಡಾಣುಗಳನ್ನು ಸೂಜಿಯಿಂದ ತೆಗೆದು, ಬಟ್ಟಲಲ್ಲಿ ಬಲಿಸಿ, ವೀರ್ಯ ಬೆರೆಸಿ ಭ್ರೂಣವಾಗಿಸಿ, ದೊಡ್ಡ ಹಸುವಿನ ಗರ್ಭದಲ್ಲಿ ಇಡುವುದು ಅವಳ ಕಸುಬು. ಇನ್ನೂ ತಾಯಿಹಾಲು ಬಿಡದ ಕರು ಬಸಿರಾಗದೆಯೇ ತಾಯಿಯಾಗುತ್ತದೆ. ಕೇಳಲು ಸೊಗಸು. ಆದರೆ ಕರುವಿನ ಅಂಡಾಣು ಬಲು ಎಳಸು. ಮಾಡಿದಾಗಲೆಲ್ಲ ಬಟ್ಟಲಲ್ಲೇ ಮುದುಡಿಹೋಯಿತು. ಇನ್ನೊಮ್ಮೆ ಸೋತರೆ ಅವಳ ಕೋಣೆ ವೀರ್ಯ ವಿಭಾಗಕ್ಕೆ ಹೋಗುತ್ತದೆ ಎಂದು ಕೇಂದ್ರದ ನಿರ್ದೇಶಕರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಅವಳು ತಲೆ ಕೆರೆದುಕೊಂಡು, ಓದಿ, ತಪ್ಪು ಹಿಡಿದಳು. ಹಾರ್ಮೋನಿನ ಕೊನೆಯ ಚುಚ್ಚುಮದ್ದಿನ ಮರುದಿನವೇ ಸೂಜಿ ಹಾಕುತ್ತಿದ್ದಳಂತೆ. ಬಿರುಗಾಳಿಯಲ್ಲವೇ! ಮದ್ದು ನಿಲ್ಲಿಸಿ ಎರಡು ದಿನ ಸುಮ್ಮನೆ ಬಿಟ್ಟರೆ ಅಂಡಾಣು ಕರುವಿನ ಒಡಲಲ್ಲೇ ಅಷ್ಟಿಷ್ಟು ಬಲಿಯುತ್ತದೆ. ಹೀಗೆ ನಮ್ಮ ವೀರಾಗ್ರಣಿ ಕೊನೆಯ ಯುದ್ಧಕ್ಕೆ ಹೊರಟಳು. ಅಸ್ತ್ರ, ಕೈಕಟ್ಟಿ ಕೂರುವುದು.

ಆದರೆ ನಿರ್ದೇಶಕರು ಅಂಡಾಣು ತೆಗೆಯುವುದನ್ನು ತೋರಿಸುತ್ತೇನೆಂದು ಒಂದು ದಿನ ಮೊದಲೇ ಗಣ್ಯರ ದಂಡು ಕಟ್ಟಿಕೊಂಡು ಬಂದರು. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಗುದ್ದಿ ಹಣ್ಣು ಮಾಡಕ್ಕಾಗಲ್ಲ ಸಾರ್. ನಾಳೆ ತೆಗೀತೀನಿ."

"ಇವರಿಗೆಲ್ಲ ಈಗ ಏನಮ್ಮ ತೋರಿಸ್ಲಿ?"

"ಕರು ತೋರ್ಸಿ. ನೋಡಕ್ಕೆ ಚೆನ್ನಾಗಿದೆ."

ಗಣ್ಯರು ಕರು ಹುಲ್ಲು ಮೇಯುವುದನ್ನು ಗಂಭೀರವಾಗಿ ವೀಕ್ಷಿಸಿದರು. ಒಬ್ಬರ ಟೈಯ ತುದಿಯೂ ಅದಕ್ಕೆ ರುಚಿಸಿತು. ನಿರ್ದೇಶಕರ ಮುಖದಲ್ಲಿ ಎಳ್ಳು ಹಾಕಿದರೆ ಸಿಡಿಯುವಂತಿತ್ತು. ಇತ್ತ ನನ್ನ ನಾದಿನಿ ಕೈಗಳನ್ನು ತೊಡೆಯಡಿ ಅದುಮಿಕೊಂಡು ಕೂತಿದ್ದಳು. "ಆ ಒಂದು ದಿನ ನಾನು ಅಮ್ಮನ ಹೊಟ್ಟೇಲಿದ್ದ ಒಂಬತ್ತು ತಿಂಗಳಿಗಿಂತ ಉದ್ದ ಇತ್ತು ಭಾವ," ಎಂದು ಆಮೇಲೆ ನನ್ನ ಮುಂದೆ ಹೇಳಿಕೊಂಡಳು.

ಮರುದಿನ ತೆಗೆದಳು. ಬಟ್ಟಲಲ್ಲಿ ಬಲಿಸಿ ವೀರ್ಯ ಬೆರೆಸಿದಳು. ಮುಂದಿನ ವಾರ ನಿರ್ದೇಶಕರು ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕಕ್ಕೆ ಬಾಗಿದರು. ಕೆಳಗೆ ಐದು ಭ್ರೂಣಗಳು, ಉಬ್ಬಿದ ಗುಳ್ಳೆಗಳ ಹಾಗೆ, ದುಂಡುದುಂಡಗೆ. ವೀರ್ಯ ವಿಭಾಗದವರು ಆಗಲೇ ತಂದಿಟ್ಟಿದ್ದ ಡಬ್ಬಗಳನ್ನು ಸದ್ದಿಲ್ಲದೆ ಹೊತ್ತೊಯ್ದರು. ನಿರ್ದೇಶಕರು ತಲೆಯೆತ್ತಿ, ಕೊಟ್ಟಿಗೆಯ ಉಳಿದ ಕರುಗಳಿಗೂ ಯಾವಾಗ ಮಾಡೋಣವೆಂದು ಬಹುವಚನದಲ್ಲಿ ಕೇಳಿದರು.

"ಮಾಡೋಣ ಸಾರ್," ಎಂದಳು ಅವಳು. "ದಿನ ಮಾತ್ರ ನಾನು ಹೇಳ್ತೀನಿ."