ಸ್ಪೇನಿನ ಮಂತ್ರಿಯ ಪುಸ್ತಕ

ಇಕ್ಬಾಲ್ ಭಾಯ್, ನೀವು ಬೇರೆ ಕಂಪನಿಗೆ ಅರ್ಜಿ ಹಾಕಿದ ಸುದ್ದಿಯನ್ನು, ನಮ್ಮೆಲ್ಲರ ವೀಸಾ ಕೈಯಲ್ಲಿಟ್ಟುಕೊಂಡಿದ್ದ ಧಣಿ ಕಫೀಲನ ಕಿವಿಗೆ ಹಾಕಿದವನು ನಾನು. ಆರು ವರ್ಷವಾಯಿತು — ಈ ಒಂದು ವಾಕ್ಯ ಬರೆಯಲು ಅಷ್ಟು ಕಾಲ ಬೇಕಾಯಿತು.

ಸೌದಿಯ ಆ ದಿನಗಳಲ್ಲಿ ಅಲ್ ಖೋಬರಿನಿಂದ ದಮ್ಮಾಮಿನ ಆಫೀಸಿಗೆ ನಾವು ನಾಲ್ವರು ನಿಮ್ಮ ಕಾರಿನಲ್ಲೇ ಹೋಗುತ್ತಿದ್ದೆವು. ಕಾರಿನಲ್ಲಿ ಆಡಿದ ಮಾತು ಕಾರಿನಿಂದ ಇಳಿಯಬಾರದು ಎಂಬುದು ನೀವೇ ಮಾಡಿದ ಕಾನೂನು. ಆ ಚಳಿಗಾಲ ನೀವು ಹದಿನೆಂಟನೇ ಶತಮಾನದ ಸ್ಪೇನಿನ ಮಂತ್ರಿಯೊಬ್ಬನ ಜೀವನಚರಿತ್ರೆ ಓದುತ್ತಿದ್ದಿರಿ. ದಿನಕ್ಕೊಂದು ಕಂತು ನಮಗೂ ಸಿಗುತ್ತಿತ್ತು. ಹಡಗುಕಟ್ಟೆಯ ಗುಮಾಸ್ತ ದೊರೆಯ ಬಲಗೈಯಾದದ್ದು, ನೌಕಾಪಡೆ ಕಟ್ಟಿದ್ದು... ನೀವೂ ಬಂದರಿನ ಗುಮಾಸ್ತಿಕೆಯಿಂದಲೇ ಮ್ಯಾನೇಜರ್ ಕುರ್ಚಿಗೆ ಏರಿದವರು. ಅವನೂ ನಿಮ್ಮ ಉಳ್ಳಾಲದವನೇ ಇರಬೇಕು ಎಂದು ನಾನು ಛೇಡಿಸುತ್ತಿದ್ದೆ.

ಒಂದು ಬೆಳಿಗ್ಗೆ ಉಳಿದಿಬ್ಬರು ಬಂದಿರಲಿಲ್ಲ. ಅರ್ಜಿ ಹಾಕಿದ್ದ ಇನ್ನೊಂದು ಕಂಪನಿಯವರು ಕರೆದಿದ್ದಾರೆ, ಮಗಳ ಹತ್ತನೇ ಪರೀಕ್ಷೆ ಮುಗಿದ ಮೇಲೆ ಇಲ್ಲಿ ತಿಳಿಸುತ್ತೇನೆ ಎಂದು ನನಗೊಬ್ಬನಿಗೇ ಹೇಳಿದಿರಿ. ಅದೇ ಮಧ್ಯಾಹ್ನ ಕಫೀಲನ ಎದುರು ಗಾವಾ ಕಾಫಿ ಕುಡಿಯುತ್ತಾ — ಅವನು ಕೇಳಿರಲೂ ಇಲ್ಲ — ನಾನಾಗಿಯೇ ಹೇಳಿದೆ. ನಿಮ್ಮ ಕುರ್ಚಿಯ ಮೇಲೆ ನನಗೆ ಕಣ್ಣಿತ್ತು. ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ವಾರದೊಳಗೆ ನಿಮ್ಮ ವೀಸಾ ರದ್ದಾಗಿ, ದೇಶ ಬಿಡಲು ಫೈನಲ್ ಎಕ್ಸಿಟ್ ಬಿತ್ತು. ನಿಮ್ಮ ಇಕಾಮಾ ಪರವಾನಗಿಯ ಮೇಲೆ ಇಲ್ಲಿದ್ದ ಹೆಂಡತಿ, ಮಗಳೂ ಹೊರಡಬೇಕಾಯಿತು. ಹುಡುಗಿ ಆ ವರ್ಷ ಪರೀಕ್ಷೆಗೆ ಕೂರಲೇ ಇಲ್ಲ.

ವಿಮಾನ ನಿಲ್ದಾಣಕ್ಕೆ ಬಿಟ್ಟವನೂ ನಾನೇ! ಶಾಲೆಯ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಇಳಿಯುವಾಗ ನೀವು ಪುಸ್ತಕವನ್ನು ನನ್ನ ಕೈಗಿಟ್ಟಿರಿ.

"ಈ ಮಂತ್ರಿ ಗುಟ್ಟಾಗಿ ಬರೆದ ಪತ್ರಗಳನ್ನು ದೊರೆಗೆ ತೋರಿಸಿಬಿಡ್ತಾರೆ ಮಾರಾಯ. ಅಲ್ಲಿಗೆ ಅವನ ಕತೆ ಮುಗೀತು. ತೋರಿಸಿದವನದ್ದು ಮತ್ತೆ ಎಂತಾಯ್ತು ಅಂತ ನೀನೇ ಓದಿ ಹೇಳು."

ನಿಮಗೆ ಗೊತ್ತಿತ್ತೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಿಮ್ಮ ಕುರ್ಚಿಯಲ್ಲೇ ಕೂತು ಆ ಪುಸ್ತಕವನ್ನು ಎರಡು ಸಲ ಓದಿದೆ. ತೋರಿಸಿದವನ ಮುಂದಿನ ಬದುಕು ಅದರಲ್ಲಿಲ್ಲ. ನನ್ನದನ್ನು ಹೇಳುತ್ತೇನೆ. ಈಗ ಆ ದಾರಿಯಲ್ಲಿ ಮೂವರನ್ನು ಕೂರಿಸಿಕೊಂಡು ಹೋಗುವವನು ನಾನು. ಹಿಂದೆ ನೋಡುವ ಕನ್ನಡಿಯಲ್ಲಿ ಇವತ್ತಿಗೂ ಆ ಬ್ಯಾಗು ಕಾಣುತ್ತದೆ — ಸೀಟಿನಲ್ಲಿ ಬೇರೆಯವರು ಕೂತಿದ್ದರೂ. ಯಾರಾದರೂ ತಮ್ಮ ಗುಟ್ಟು ಹೇಳಹೊರಟರೆ ರೇಡಿಯೊ ಜೋರು ಮಾಡುತ್ತೇನೆ. ನನ್ನ ಮೇಲೆ ನನಗೇ ನಂಬಿಕೆಯಿಲ್ಲ.

ಊರಿಗೆ ಹೊರಟವರ ಕೈಯಲ್ಲಿ ಪುಸ್ತಕ ಕಳಿಸುತ್ತಿದ್ದೇನೆ. ಈ ಕಾಗದ ಅದರೊಳಗಿದೆ. ಓದಿದ ಮೇಲೆ ಹರಿಯಬೇಡಿ, ಭಾಯ್ — ಮಗಳಿಗೆ ಕೊಡಿ.