ನಡುಗೋಡೆ ಮತ್ತು ಒಂದು ಬಲ್ಬು

ಗೆಳೆಯರೆ, ಇವತ್ತು ಮಧ್ಯಾಹ್ನ ಸಿಂದಗಿಯ ನಮ್ಮ ಬಾಡಿಗೆ ಚಾಳಿಗೆ ಮಾಲಕರು ಗೋಡೆ ಕಟ್ಟುವ ಗೌಂಡಿಯನ್ನು ಕರೆದುಕೊಂಡು ಬಂದರು. ಶಾಲೆಯ ಮಾಸ್ತರನಾದ ನನ್ನ ಖೋಲಿಗೂ ಪಕ್ಕದ ಶಾಂತವ್ವನ ಖೋಲಿಗೂ ನಡುವಿನ ಗೋಡೆ ಮೇಲಿನ ಛತ್ತು ಮುಟ್ಟಿಲ್ಲ. ಅದರ ಮೇಲೆ ತೂಗುವ ಒಂದೇ ಬಲ್ಬು ಎರಡೂ ಮನೆಗೆ ಬೆಳಕು. ಬಾಡಿಗೆ ಕಡಿಮೆ ಇರುವುದೂ ಅದಕ್ಕೇ.

"ಗ್ವಾಡಿ ಛತ್ತಿನ ತನಕಾ ಏರಸ್ತೇನ್ರಿ. ಸಂಸಾರಸ್ಥರ ಮರ್ಯಾದಿ ಪ್ರಶ್ನೆ ಐತಿ," ಎಂದರು ಮಾಲಕರು.

"ಮತ್ತ ಬಲ್ಬು?" ಎಂದಳು ಶಾಂತವ್ವ. ಅವಳು ಸಂಜೆ ಕೌದಿ ಹೊಲಿದು ಮನೆ ನಡೆಸುವವಳು.

"ಸ್ವಿಚ್ಚು ಮಾಸ್ತರ ಕಡೆ ಐತಿ, ಬಲ್ಬೂ ಅವರಿಗೇ. ನೀ ಕಂದೀಲ ಹಚ್ಚಿಕೋ."

"ಮರ್ಯಾದಿ ಇಟಗೊಂಡು ಕತ್ತಲದಾಗ ಕುಂಡ್ರೂನೇನ್ರಿ?"

"ಅಲ್ಲ ಶಾಂತವ್ವಾ, ನಿಮ್ಮ ಗಂಡ-ಹೆಂಡ್ತಿ ಜಗಳ ಮಾಸ್ತರಿಗೆ ಕೇಳಸ್ತೈತಲ್ಲ?"

"ಕೇಳ್ಲಿ ಬಿಡ್ರಿ! ಅವರ ಖೋಲ್ಯಾಗ ಮಾತಾಡಾಕ ಮತ್ಯಾರದಾರ?"

ಗೌಂಡಿ ನಕ್ಕ. ಒಂಟಿತನದ ಬಗ್ಗೆ ನಾನು ವರ್ಷಗಟ್ಟಲೆ ಯೋಚಿಸಿದ್ದೇನೆ. ಅದನ್ನು ಇಷ್ಟು ಚಿಕ್ಕದಾಗಿ ಹೇಳಬಹುದೆಂದು ತಿಳಿದಿರಲಿಲ್ಲ.

"ಗ್ವಾಡಿ ಹಿಂಗೇ ಇರಲ್ರಿ," ಎಂದೆ. ಇಟ್ಟಂಗಿಯ ಖರ್ಚು ಉಳಿದ ಸಂತೋಷ ಮಾಲಕರ ಮುಖದಲ್ಲಿ ಕಂಡಿತು.

ಈಗ ಸಂಜೆ. ಗೋಡೆಯ ಈಚೆ ನಾನು ಇದನ್ನು ಬರೆಯುತ್ತಿದ್ದೇನೆ, ಆಚೆ ಕೌದಿಯ ಕೆಲಸ ಸಾಗಿದೆ. "ಮಾಸ್ತರು ಭಾಳ ಸಂಭಾವಿತರು, ಆದ್ರ ಒಂದು ಮಾತು..." ಎಂದು ಶಾಂತವ್ವನ ಗಂಡ ಶುರು ಮಾಡಿದ.

"ಮೆಲ್ಲಕ ಅನ್ರಿ, ಕೇಳಸ್ತೈತಿ," ಎಂದಳು ಅವಳು.

ಅಲ್ಲಿಂದ ಬರೀ ಪಿಸುಮಾತು. ಅಂತೂ ಮರ್ಯಾದೆಗೆ ಗೋಡೆ ಬೇಕಿಲ್ಲವೆಂದು ಸಾಬೀತಾಯಿತು. ಆ ಒಂದು ಮಾತು ಯಾವುದೆಂದು ತಿಳಿಯದೆ ನನಗೆ ಮಾತ್ರ ಊಟ ಸೇರುತ್ತಿಲ್ಲ.