ಲಟ್ಟಣಿಗೆಯ ಫೋನು

ಹಿಟ್ಟಿನ ವಾಸನೆ ಹತ್ತಿದ ಹಳೆಯ ಲಟ್ಟಣಿಗೆ ಕೈಗೆ ಸಿಕ್ಕಿದರೆ ಈಗಲೂ ಒಮ್ಮೆ ಕಿವಿಗಿಟ್ಟುಕೊಳ್ಳುತ್ತೇನೆ. ನಗಬೇಡಿ. ತೊಂಬತ್ತರ ದಶಕದಲ್ಲಿ ರಾಜಗೋಪಾಲನಗರದ ನಮ್ಮ ಶೀಟಿನ ಮನೆಗೆ ಅದೇ ಟೆಲಿಫೋನು. ಪೀಣ್ಯದ ಕಾರ್ಖಾನೆಯಿಂದ ಅಪ್ಪ ಲೇತ್ ಯಂತ್ರದ ಎಣ್ಣೆಯ ವಾಸನೆ ಹೊತ್ತು ಬರುವಾಗ, ಅಮ್ಮನ ತಂಗಿ ಶಾಂತ ಚಿಕ್ಕಮ್ಮ ಫೋನಿನ ಪೆಟ್ಟಿಗೆಯಾಗಿದ್ದ ಉಪ್ಪಿನ ಡಬ್ಬಿಯ ಮುಂದೆ ಕೂತು ಇಂಗ್ಲಿಷ್ ಕಲಿಯುತ್ತಿದ್ದಳು. ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಸಂದರ್ಶನವಿತ್ತು. ಸಿಗದಿದ್ದರೆ ಅಜ್ಜ ಅವಳನ್ನು ಹಿರಿಯೂರಿಗೆ ಕರೆದೊಯ್ದು, ಹೆಂಡತಿ ಸತ್ತ ಸಂಬಂಧಿಕನಿಗೆ ಕೊಟ್ಟು ಮದುವೆ ಮಾಡುವವರಿದ್ದರು.

ಹೋಲ್ಡ್ ಆನ್, ಹ್ಯಾಂಗ್ ಅಪ್, ಪುಟ್ ಆಫ್, ಪುಟ್ ಥ್ರೂ ಎಲ್ಲ ಅವಳ ತಲೆಯಲ್ಲಿ ಕಲಸುಮೇಲೋಗರವಾಗುತ್ತಿದ್ದವು. ಅದಕ್ಕೇ ಒಂದೊಂದಕ್ಕೂ ಕೈಗೊಂದು ಕೆಲಸ ಹಚ್ಚಿದೆವು. ಹೋಲ್ಡ್ ಆನ್ ಎಂದರೆ ಕಾಯಿರಿ, ಲಟ್ಟಣಿಗೆ ಎದೆಗೆ ಒತ್ತಿಕೊಳ್ಳಬೇಕು. ಹ್ಯಾಂಗ್ ಅಪ್ ಎಂದರೆ ಮಾತು ಮುಗಿಸಿ ಫೋನು ಇಡುವುದು, ಅದನ್ನು ಡಬ್ಬಿಯ ಮೇಲೆ ಮಲಗಿಸಬೇಕು. ಪುಟ್ ಆಫ್ ಎಂದರೆ ಮುಂದೂಡುವುದು, ಡಬ್ಬಿಯನ್ನೇ ಮುಂದಕ್ಕೆ ತಳ್ಳಬೇಕು. ಪುಟ್ ಥ್ರೂ ಎಂದರೆ ಮ್ಯಾನೇಜರ್‌ಗೆ ಲೈನು ಕೊಡುವುದು. ಮ್ಯಾನೇಜರ್ ನಾನೇ ಆದ್ದರಿಂದ ಲಟ್ಟಣಿಗೆಯನ್ನು ನನ್ನ ಕೈಗೆ ದಾಟಿಸುತ್ತಿದ್ದಳು. ನಾನು ಗತ್ತಿನಿಂದ ತೆಗೆದುಕೊಳ್ಳುತ್ತಿದ್ದೆ.

ಸಂದರ್ಶನದ ದಿನ ಅಜ್ಜ ಬೆಳಗ್ಗೆಯೇ ಬಂದು ಬಾಗಿಲ ಬಳಿ ಕೂತರು. ಹೆಗಲ ಚೀಲ ಕೆಳಗಿಡಲಿಲ್ಲ. ಅಮ್ಮ ಕೊಟ್ಟ ಕಾಫಿ ಆರಿಹೋಯಿತು. ಬೀದಿಯಲ್ಲಿ ಚಪ್ಪಲಿ ಸದ್ದಾದಾಗಲೆಲ್ಲ ನಾನು ಎದ್ದು ಹೊರಗೆ ಇಣುಕುತ್ತಿದ್ದೆ. ಮಧ್ಯಾಹ್ನ ಬಂದ ಚಿಕ್ಕಮ್ಮ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲದಕ್ಕೂ ಸರಿಯಾಗಿಯೇ ಉತ್ತರಿಸಿದ್ದಳಂತೆ. ಕೊನೆಗೆ ಮೇಜಿನ ಮೇಲಿನ ಫೋನು ತೋರಿಸಿ, ಮ್ಯಾನೇಜರ್‌ಗೆ ಪುಟ್ ಥ್ರೂ ಮಾಡಿ ಅಂದರಂತೆ. ಮ್ಯಾನೇಜರ್ ಎದುರಿಗೇ ಕೂತಿದ್ದರು. ಇವಳು ರಿಸೀವರ್ ಎತ್ತಿ ಸೀದಾ ಅವರ ಕೈಗೇ ಚಾಚಿದಳು. ವೈರು ಎಳೆದು ಫೋನು ನೆಲಕ್ಕೆ ಬಿತ್ತು. ಅಲ್ಲಿದ್ದವರೆಲ್ಲ ನಕ್ಕು, ಹೋಗಿಬನ್ನಿ ಅಂದರು.

"ಗುಂಡಿ ಒತ್ಬೇಕು ಅಂತ ಗೊತ್ತಿತ್ತು ಅಕ್ಕ. ಕೈ ತಾನಾಗೇ ಹೋಗ್ಬಿಡ್ತು."

ಅಜ್ಜ ಬೈಯಲಿಲ್ಲ. "ಬಟ್ಟೆ ತುಂಬ್ಕಳವ್ವ, ಬಸ್ಸು ತಪ್ಪೋಗ್ತದೆ," ಅಂದರು. ಬೈದಿದ್ದರೆ ಅಪ್ಪನಾದರೂ ಅಡ್ಡ ಬರುತ್ತಿದ್ದರೇನೋ. ಅಪ್ಪ ತಲೆ ತಗ್ಗಿಸಿ ಟ್ರಂಕು ಎತ್ತಿಕೊಂಡರು.

ಬಸ್ಸಿನ ಕಿಟಕಿಯಲ್ಲಿ ಅವಳು ಅಳಲಿಲ್ಲ. ನನ್ನನ್ನೇ ನೋಡುತ್ತ ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡಳು. ಕಾಯುತ್ತಿರು, ಬರುತ್ತೇನೆ ಎಂದು ನನಗೆ ತಕ್ಷಣ ತಿಳಿಯಿತು. ಆಮೇಲೆ ಹಬ್ಬಕ್ಕೆಂದು ಬಂದಳು, ಗಂಡನ ಮೊದಲ ಹೆಂಡತಿಯ ಮಕ್ಕಳನ್ನು ಕರೆದುಕೊಂಡು, ಅತಿಥಿಯ ಹಾಗೆ ಚಾಪೆಯ ಅಂಚಿನಲ್ಲಿ ಕೂತು ಹೋದಳು. ಆ ಮನೆ ಕೆಡವಿ ವರ್ಕ್‌ಶಾಪ್ ಕಟ್ಟಿದ್ದಾರೆ. ಅಮ್ಮ ಇಲ್ಲ, ಚಿಕ್ಕಮ್ಮನೂ ಈಗ ಇಲ್ಲ. ಲಟ್ಟಣಿಗೆ ನನ್ನ ಬಳಿ ಇದೆ. ಕಿವಿಯಿಂದ ತೆಗೆದ ಮೇಲೆ ಅದನ್ನು ಡಬ್ಬಿಯ ಮೇಲೆ ಮಲಗಿಸಲು ಮನಸ್ಸು ಬರುವುದಿಲ್ಲ, ಎದೆಗೊತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತೇನೆ.